ಅಕ್ಕನ ನಾಲಿಗೆ

ತಮ್ಮನಿಗೆ ಕಿಡ್ನಿ ಕೊಟ್ಟವಳು ಎಂದು ಓಣಿಯವರೆಲ್ಲ ಅವಳನ್ನು ಹೊಗಳುತ್ತಿದ್ದ ಕಾಲವೊಂದಿತ್ತು. ಅವಳು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಗೆ ಎದುರಾಗಿ ಒಂದು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಯ ಮೊಳೆಗಳಿಗೆ ತೂಗುಬಿಟ್ಟ ಅರ್ಧ ಹೊಲಿದ ಅಂಗಿಗಳು. ಹೊಗಳಿದವರ ಕಡೆ ಅವಳು ತಲೆ ಎತ್ತಿಯೂ ನೋಡುತ್ತಿರಲಿಲ್ಲ. “ಒಂದು ಅಂಗಿಯ ಗುಂಡಿ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ದಾರೆ, ಅಷ್ಟೆ. ಇದರಲ್ಲೇನಿದೆ ದೊಡ್ಡಸ್ತಿಕೆ?” ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ತಮ್ಮನೆಂದರೆ ಅವಳಿಗೆ ಮಗನೂ ಹೌದು. ತಾಯಿ ಸತ್ತಾಗ ಅವನಿಗಿನ್ನೂ ಮಾತು ನೆಟ್ಟಗೆ ಬರುತ್ತಿರಲಿಲ್ಲ. ಎತ್ತಿ ಆಡಿಸಿದವಳು, ಜ್ವರದಲ್ಲಿ ಪಕ್ಕ ಕೂತವಳು, ಶಾಲೆ ಬೇಡವೆಂದು ಓಡಿ ಬಂದಾಗ ಕಿವಿ ಹಿಂಡಿ ವಾಪಸ್ಸು ಕಳಿಸಿದವಳು, ಎಲ್ಲ ಅವಳೇ. ಅವನು ದೊಡ್ಡವನಾಗಿ ಊರಂಚಿನ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸ ಹಿಡಿದ. ಮದುವೆಯ ಮಾತೆತ್ತಿದರೆ, “ದಿನಾ ನೂರು ಗಿಡ ಕಟ್ಕೋತೀನಿ, ಇನ್ನೂ ಎಷ್ಟು ಕಟ್ಕೊಳ್ಳಲಿ ಅಕ್ಕಾ?” ಎಂದು ನಗುತ್ತಿದ್ದ.

ನರ್ಸರಿಯಲ್ಲಿ ಅವನ ಪ್ರಾಣವೆಲ್ಲ ಇದ್ದದ್ದು ಹಿಂಬದಿಯ ಸಾಲಿನಲ್ಲಿ. ಅಲ್ಲಿ ಗ್ರೇಪ್‌ಫ್ರೂಟ್ ಮರಗಳು, ಅವುಗಳ ತುದಿಯಲ್ಲೊಂದು ಹಳೆಯ ಚಕ್ಕೋತದ ಮರ. ಗ್ರೇಪ್‌ಫ್ರೂಟ್ ಎಂಬ ಹೆಸರು ಕೇಳಿ, ದ್ರಾಕ್ಷಿ ಬಳ್ಳಿ ಎಲ್ಲಿ ಎಂದು ಹುಡುಕುತ್ತ ಬಂದ ಗಿರಾಕಿಗಳಿಗೆ ಅವನು ಕಿತ್ತಳೆಗಿಂತ ದಪ್ಪನೆಯ, ಎರಡು ಮುಷ್ಟಿ ಗಾತ್ರದ ಹಣ್ಣು ತೋರಿಸಿ, “ಇದೇ ಒಂದು ಕಾಳು, ತಗೊಳ್ಳಿ” ಎನ್ನುತ್ತಿದ್ದ. ಬಿಳಿ ಗ್ರೇಪ್‌ಫ್ರೂಟಿನ ಹೂವಿಗೆ ಚಕ್ಕೋತದ ಪರಾಗ ಮುಟ್ಟಿಸಿ, ಹುಟ್ಟಿದ ಬೀಜ ಬಿತ್ತಿ, ಒಂದು ಮರವನ್ನು ಅವನು ತನ್ನದೇ ಎಂದು ಬೆಳೆಸಿದ್ದ. ಬಿಳಿಯ ಪರಿಮಳ, ಚಕ್ಕೋತದ ಸಿಹಿ, ಕಹಿ ಮಾತ್ರ ಇರಕೂಡದು: ಅದು ಅವನ ಲೆಕ್ಕಾಚಾರ. ಬೀಜದಿಂದ ಬೆಳೆದ ಮರ ಬೇಗ ಫಲ ಕೊಡುವುದಿಲ್ಲ. ಅವನು ವರ್ಷಗಟ್ಟಲೆ ಕಾದ. ಮರ ಇನ್ನೂ ಹೂ ಕಾಣುವ ಮೊದಲೇ ಅವನ ಕಾಲು ಊದಿಕೊಂಡವು, ಮುಖ ಬಾತುಕೊಂಡಿತು, ಎರಡೂ ಕಿಡ್ನಿ ಕೈಕೊಟ್ಟವು.

ಅಕ್ಕನ ಕಿಡ್ನಿ ಹೊಂದಿಕೆಯಾಯಿತು. ಆಪರೇಷನ್ ಆಗಿ ಮನೆಗೆ ಹೊರಡುವ ದಿನ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾತ್ರೆಗಳ ವಿಷಯ ಹೇಳಿದರು. ಕೊನೆಗೆ, “ಒಂದು ಹಣ್ಣು ಮಾತ್ರ ನೀವು ಜನ್ಮದಲ್ಲಿ ಮುಟ್ಟಬಾರದು. ಗ್ರೇಪ್‌ಫ್ರೂಟ್. ಚಕ್ಕೋತಾನೂ ಅದೇ ಜಾತಿ, ಅದೂ ಬೇಡ” ಎಂದರು.

ತಮ್ಮ ನಕ್ಕುಬಿಟ್ಟ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ.

“ನಗೋ ವಿಷಯ ಅಲ್ಲಪ್ಪ ಇದು. ಅದರ ರಸ ಒಳಗೆ ಹೋದ್ರೆ ಮಾತ್ರೆ ಕರಗಿ ಹೊರಗೆ ಹೋಗಲ್ಲ, ರಕ್ತದಲ್ಲೇ ಸೇರ್ತಾ ಹೋಗುತ್ತೆ. ಕಿಡ್ನಿ ಕಾಯೋ ಔಷಧಿನೇ ಕಿಡ್ನಿಗೆ ವಿಷ ಆಗುತ್ತೆ.”

“ಇವನ ಕೆಲಸಾನೇ ಅದು ಡಾಕ್ಟರೇ, ಆ ಹಣ್ಣಿನ ಗಿಡ ಮಾಡೋದು,” ಎಂದಳು ಅಕ್ಕ.

“ಗಿಡ ಮಾಡಲಿ. ಬಾಯಿಗೆ ಹಾಕೋದು ಬೇಡ.”

ಆದರೆ ಬಾಯಿಗೆ ಹಾಕದೆ ಆ ಕೆಲಸವಾದರೂ ಹೇಗಾಗಬೇಕು? ಯಾವ ಮರದಿಂದ ಕಸಿಗೆ ಕಡ್ಡಿ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವನು ತೀರ್ಮಾನಿಸುತ್ತಿದ್ದದ್ದೇ ರುಚಿ ನೋಡಿ. ನರ್ಸರಿಯ ಯಜಮಾನರ ನಾಲಿಗೆ ತಂಬಾಕಿಗೆ ಸತ್ತು ಬಹಳ ಕಾಲವಾಗಿತ್ತು. ಹಾಗಾಗಿ ಆ ಋತುವಿನ ಮೊದಲ ಹಣ್ಣುಗಳನ್ನು ಅವನು ಚೀಲದಲ್ಲಿ ಮನೆಗೆ ತಂದು ಹೊಲಿಗೆಯ ಮೇಜಿನ ಮೇಲೆ ಸಾಲಾಗಿಟ್ಟ.

“ಕಿಡ್ನಿ ಕೊಟ್ಟಿದ್ದಾಯ್ತು. ಈಗ ನಾಲಿಗೆನೂ ಕೊಡು.”

“ಇನ್ನೇನು ಉಳಿಸ್ತೀಯೋ ನನ್ನಲ್ಲಿ?” ಎಂದಳಾದರೂ ಅವಳು ಕತ್ತರಿ ಬದಿಗಿಟ್ಟು ಕೂತಳು.

ಮೊದಲು ಬಿಳಿಯದು. ಚಾಕು ಇಳಿದೊಡನೆ ಕೋಣೆಯ ತುಂಬ ಪರಿಮಳ. ತೊಳೆ ಬಾಯಿಗಿಟ್ಟವಳೇ ಮುಖ ಕಿವುಚಿ, “ಕಹಿ!” ಎಂದಳು.

“ಕಹಿ ಅಂತ ದಾರಿಲಿ ಹೋಗೋರೂ ಹೇಳ್ತಾರೆ. ಎಲ್ಲಿ ಕಹಿ? ಮುಂದೋ, ಹಿಂದೋ? ಬಂದು ಹೋಗುತ್ತಾ, ಕೂತ್ಕೊಳ್ಳುತ್ತಾ?”

ಅವಳು ಕಣ್ಣು ಮುಚ್ಚಿದಳು. “ಮೊದಲು ಹುಳಿ ಚುಚ್ಚುತ್ತೆ. ಆಮೇಲೆ ಕಹಿ ಬಂದು ಗಂಟಲ ಹತ್ರ ಕೂತ್ಕೊಳ್ಳುತ್ತೆ, ಎದ್ದು ಹೋಗು ಅಂದ್ರೂ ಹೋಗದ ನೆಂಟನ ಹಾಗೆ. ಆದ್ರೆ ವಾಸನೆ ಮಾತ್ರ… ಹೊಸ ಬಟ್ಟೆ ಗಂಟು ಬಿಚ್ಚಿದ ಹಾಗಿದೆ ಕಣೋ.”

ಅವನು ಮೊಣಕಾಲು ತಟ್ಟಿಕೊಂಡು ನಕ್ಕ. ತೆಳು ಗುಲಾಬಿ ಬಣ್ಣದ್ದು ಅವಳಿಗೆ ಅತ್ತ ಇತ್ತ ಎರಡೂ ಅಲ್ಲದ್ದಾಗಿ ಕಂಡಿತು: ಬಿಳಿಯ ಗತ್ತೂ ಇಲ್ಲ, ಸಿಹಿಯ ಧೈರ್ಯವೂ ಇಲ್ಲ, “ಎರಡು ಮನೆ ಕೂಸು” ಎಂದಳು. ಕೆಂಪನೆಯದು ರಸ ಸುರಿಸುತ್ತಿತ್ತು. ಸಿಹಿ ಮೊದಲೇ ಬಂದು ಕಹಿಯನ್ನು ಮುಚ್ಚಿಡುತ್ತಿತ್ತು. “ಇದು ಎಲ್ಲರಿಗೂ ಇಷ್ಟ ಆಗುತ್ತೆ. ಆದ್ರೆ ತಿಂದು ಮುಗಿಸಿದ ಮೇಲೆ ನೆನಪಿರಲ್ಲ.” ಚಕ್ಕೋತದ್ದು ಬೇರೆಯೇ ರೀತಿ. ದಿಂಬಿನಂಥ ಸಿಪ್ಪೆ ಬಿಡಿಸಿದರೆ ಒಳಗಿನ ತೊಳೆಗಳು ಕೈಗೆ ರಸ ಅಂಟಿಸದೆ ಕಾಳುಕಾಳಾಗಿ ಬಿಡಿಸಿಕೊಳ್ಳುತ್ತಿದ್ದವು. ಮೆಲ್ಲನೆಯ ಸಿಹಿ, ಗಲಾಟೆಯಿಲ್ಲದ ಹುಳಿ. “ದೊಡ್ಡ ಮನೆ ಮುದುಕಿ ಮಾತಾಡಿದ ಹಾಗಿದೆ” ಎಂದಳು.

ಅವಳು ಹೇಳುತ್ತ ಹೋದಂತೆ ತಮ್ಮನ ಬಾಯಿ ತಾನಾಗಿ ಅಲ್ಲಾಡುತ್ತಿತ್ತು. ಅವಳು ಅದನ್ನು ನೋಡಿಯೂ ನೋಡದವಳಂತೆ ಇದ್ದಳು. ಹಣ್ಣು ಕತ್ತರಿಸಿದ ಮೇಲೆ ಅವನ ಕೈ ತೊಳೆಸುವುದು, ಮೇಜು ಒರೆಸುವುದು, ಸಿಪ್ಪೆಯನ್ನು ತಾನೇ ಹೊರಗೆ ಹಾಕುವುದು ಅವಳ ರೂಢಿಯಾಯಿತು. ಬರಬರುತ್ತ ಅವಳ ನಾಲಿಗೆ ಹದಗೊಂಡಿತು. ಯಜಮಾನರೂ ಅವಳ ಮಾತಿಗೆ ತಲೆಯಾಡಿಸತೊಡಗಿದರು. ಅಕ್ಕ ತಮ್ಮ ಇಬ್ಬರ ಪಾಲಿಗೂ ಅದೊಂದು ಒಳ್ಳೆಯ ಕಾಲ.

ಮಾರನೆಯ ವರ್ಷ ಅವನ ಮರ ಹೂ ಬಿಟ್ಟಿತು. ಉದುರಿದ್ದು ಉದುರಿ, ಉಳಿದ ಕಾಯಿಗಳು ದಪ್ಪಗಾದವು. ಆ ತಿಂಗಳುಗಳಲ್ಲಿ ಅವನು ಮನೆಯಲ್ಲಿ ಆಡಿದ ಮಾತೆಲ್ಲ ಆ ಕಾಯಿಗಳದ್ದೇ. ಕೊನೆಗೊಂದು ಸಂಜೆ ಮೊದಲ ಹಣ್ಣನ್ನು ಅಂಗಿಯಲ್ಲಿ ಸುತ್ತಿಕೊಂಡು ಬಂದು ಅವಳ ಎದುರು ಇಟ್ಟ. ಹಳದಿ ಸಿಪ್ಪೆ, ನುಣುಪು ಮೈ, ನೋಡಲು ಚೆಂದ. ಅವಳು ತೊಳೆ ಬಿಡಿಸಿ ಬಾಯಿಗಿಟ್ಟಳು.

ನೀರು. ಬರೀ ನೀರು. ಬಿಳಿಯ ಪರಿಮಳ ಹತ್ತಿರವೂ ಸುಳಿದಿರಲಿಲ್ಲ. ಚಕ್ಕೋತದ ಸಿಹಿ ಬರುವುದೇನೋ ಎಂದು ಅಗಿಯುತ್ತ ಕಾದಳು. ಅದರ ಬದಲು ಒಂದು ತೆಳು ಕಹಿ ಬಂದು ಹೋಯಿತು. ಕಣ್ಣು ತೆರೆದಾಗ ಅವನು ಮೇಜಿನ ಅಂಚು ಹಿಡಿದು ನಿಂತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಮುಖದಲ್ಲಿ ಅಷ್ಟು ಆಸೆಯನ್ನು ಅವಳು ಕಂಡಿರಲಿಲ್ಲ. ಮೊದಲ ವರ್ಷದ ಫಲವನ್ನು ನಂಬಬಾರದು, ಮರ ಬಲಿತಂತೆ ರುಚಿ ಬರುತ್ತದೆ ಎಂದು ಅವನೇ ಹಿಂದೆ ಹೇಳಿದ್ದ. ಒಂದು ವರ್ಷದ ಮಟ್ಟಿಗೆ ಒಂದು ಸುಳ್ಳು. ಮುಂದಿನ ವರ್ಷ ಮರವೇ ಅದನ್ನು ನಿಜ ಮಾಡೀತು.

“ಏನಾಯ್ತು? ಹೇಳು ಅಕ್ಕಾ.”

“ಸಿಹಿ ಕಣೋ,” ಎಂದಳು. “ಕಹಿ ಇಲ್ವೇ ಇಲ್ಲ. ನುಂಗಿದ ಮೇಲೂ ವಾಸನೆ ಬಾಯಲ್ಲೇ ಇದೆ.”

ಅವನು ಅಲ್ಲೇ ನೆಲದ ಮೇಲೆ ಬಟ್ಟೆಯ ಚೂರುಗಳ ನಡುವೆ ಕೂತು ಮುಖ ಮುಚ್ಚಿಕೊಂಡ. ಅವಳಿಗೂ ಕಣ್ಣು ತುಂಬಿತು. ಅವನು ಅದನ್ನು ಸಂತೋಷವೆಂದೇ ತಿಳಿದ.

ಕೆಲವು ವಾರಗಳ ಮೇಲೆ ಅವನ ಕೈ ನಡುಗತೊಡಗಿತು. ಕಸಿ ಕಟ್ಟುವಾಗ ಚಾಕು ಜಾರಿ ಹೆಬ್ಬೆರಳು ಕೊಯ್ದುಕೊಂಡ. ತಲೆನೋವು ಎಂದ. ಆಯಾಸವಿರಬೇಕು ಎಂದು ಇಬ್ಬರೂ ದಿನ ತಳ್ಳಿದರು. ತಪಾಸಣೆಗೆ ಹೋದ ದಿನ ಡಾಕ್ಟರಮ್ಮ ರಕ್ತದ ವರದಿ ನೋಡಿ ಎದ್ದು ನಿಂತೇಬಿಟ್ಟರು.

“ಮಾತ್ರೆ ಜಾಸ್ತಿ ತಗೊಂಡ್ರಾ?”

“ಇಲ್ಲ.”

“ಹಾಗಾದ್ರೆ ಏನು ತಿಂದ್ರಿ?”

ಅವನು ಅಕ್ಕನ ಕಡೆ ನೋಡಲಿಲ್ಲ. ನೆಲ ನೋಡುತ್ತ ಹೇಳಿದ. ಅಕ್ಕ ಹೇಳಿದ ಮರುದಿನ ಬೆಳಿಗ್ಗೆ ತನ್ನ ಮರದ ಕೆಳಗೆ ನಿಂತು ಒಂದೇ ಒಂದು ತೊಳೆ ಬಾಯಿಗೆ ಹಾಕಿಕೊಂಡಿದ್ದ. ನೀರಿನ ಹಾಗಿತ್ತು. ಮಾತ್ರೆ ತಿಂದೂ ತಿಂದೂ ತನ್ನ ನಾಲಿಗೆಯೇ ಕೆಟ್ಟಿದೆ ಎಂದುಕೊಂಡ. ಇನ್ನೊಂದು ತೊಳೆ ನೋಡಿದ. ಮರುದಿನ ಇನ್ನೊಂದು ಹಣ್ಣು, ಬೇರೆ ಕೊಂಬೆಯದು. “ಅಕ್ಕ ಹೇಳಿದ ಸಿಹಿ ಒಂದ್ಸಲ ಸಿಕ್ಕಿದ್ರೆ ಸಾಕಿತ್ತು. ಆಮೇಲೆ ಬಿಟ್ಟುಬಿಡ್ತಿದ್ದೆ. ದಿನಾ ಹುಡುಕಿದೆ. ಸಿಗಲೇ ಇಲ್ಲ.”



ಆಸ್ಪತ್ರೆಗೆ ಸೇರಿಸಿದರು. ಮಾತ್ರೆ ಬದಲಾಯಿಸಿದರು, ಇಂಜೆಕ್ಷನ್ ಕೊಟ್ಟರು. ಅವಳ ಮೈಯಿಂದ ಅವನ ಮೈಗೆ ಹೋಗಿ ಚೆನ್ನಾಗಿಯೇ ಕೆಲಸ ಮಾಡಿಕೊಂಡಿದ್ದ ಕಿಡ್ನಿ ದಿನದಿನಕ್ಕೆ ಸೋಲುತ್ತ ಬಂತು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ ಮಧ್ಯಾಹ್ನ ಅವಳು ತಮ್ಮನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಪಕ್ಕದ ಮಂಚದಲ್ಲಿ ಯಾರೋ ರೇಡಿಯೊ ಹಚ್ಚಿದ್ದರು. ಅದು ಮುಗಿಯಲಿ ಎಂದು ಕಾದಳು. ಮುಗಿಯಲಿಲ್ಲ.

“ಪುಟ್ಟಾ, ನಿನ್ನ ನಾಲಿಗೆ ಕೆಟ್ಟಿರಲಿಲ್ಲ ಕಣೋ. ಆ ಹಣ್ಣಲ್ಲಿ ಏನೂ ಇರಲಿಲ್ಲ. ಸಪ್ಪೆ ನೀರು. ನಿನ್ನ ಮುಖ ನೋಡಿ ನಾನೇ ಸುಳ್ಳು ಹೇಳಿದೆ.”

ಅವನು ಅವಳ ಕಡೆ ತಿರುಗಿದ. ಬೈಯಲಿ, ಹೊಡೆಯಲಿ, ಎದ್ದು ಹೋಗು ಅನ್ನಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

“ಹಾಗಾದ್ರೆ ನನಗೆ ಗೊತ್ತಾಗಿದ್ದು ಸರಿನೇ,” ಎಂದ. ದನಿಯಲ್ಲಿ ಕೋಪವಿರಲಿಲ್ಲ, ಬೇರೇನೂ ಇರಲಿಲ್ಲ. “ಮೊದಲನೇ ತೊಳೆಗೇ ಗೊತ್ತಾಗಿತ್ತು ಅಕ್ಕಾ.”

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ಅವನ ಮರವನ್ನು ಯಜಮಾನರು ಮೊಣಕಾಲೆತ್ತರಕ್ಕೆ ಕಡಿಸಿ, ಹೊಸ ಆಳಿನಿಂದ ಕೆಂಪು ಜಾತಿಯ ಕಣ್ಣು ಕಸಿ ಮಾಡಿಸಿದರು. ಹೇಳಬೇಡಿ ಎಂದು ಅವಳು ಎಷ್ಟು ಬೇಡಿಕೊಂಡರೂ ಸುದ್ದಿ ಅವನ ಕಿವಿಗೆ ಬಿತ್ತು. “ಒಳ್ಳೇದಾಯ್ತು, ಕೆಂಪಿಗೆ ಬೇಡಿಕೆ ಇದೆ” ಎಂದನಷ್ಟೆ.

ಈಗ ದಿನ ಬಿಟ್ಟು ದಿನ ಅವಳು ಅವನನ್ನು ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಲು ಕರೆದುಕೊಂಡು ಹೋಗುತ್ತಾಳೆ. ಬೇರೆ ಯಾರದಾದರೂ ಕಿಡ್ನಿ ಸಿಕ್ಕರೆ ಇನ್ನೊಮ್ಮೆ ನೋಡಬಹುದು, ಹೆಸರು ಸೇರಿಸೋಣವೇ ಎಂದು ಡಾಕ್ಟರಮ್ಮ ಕೇಳಿದಾಗ ಅವನು ಬೇಡವೆಂದ. ಅಕ್ಕ ಅತ್ತಳು, ಕಾಲು ಹಿಡಿಯಲು ಬಗ್ಗಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡು, “ನೀನು ಕೊಟ್ಟಿದ್ದನ್ನೇ ಉಳಿಸ್ಕೊಳ್ಳಲಿಲ್ಲ, ಇನ್ಯಾರದ್ದೋ ಯಾಕೆ?” ಎಂದ.

ಬಾಯಲ್ಲಿ ಸದಾ ತುಕ್ಕು ಕಬ್ಬಿಣದ ರುಚಿ ಎನ್ನುತ್ತಾನೆ, ಊಟಕ್ಕೆ ಕರೆದರೆ ಮುಖ ತಿರುಗಿಸುತ್ತಾನೆ. ಅವಳು ತುತ್ತು ಕಲೆಸಿ ಅವನ ಬಾಯಿಯವರೆಗೆ ಒಯ್ಯುತ್ತಾಳೆ.

“ಹೇಗಿದೆ?” ಎಂದು ಒಮ್ಮೊಮ್ಮೆ ಬಾಯಿತಪ್ಪಿ ಕೇಳಿಬಿಡುತ್ತಾಳೆ.

“ಚೆನ್ನಾಗಿದೆ ಅಕ್ಕಾ,” ಎನ್ನುತ್ತಾನೆ ಅವನು.