ಕರು ಕಾಣದ ವಿಡಿಯೋ

ಹಂದನಕೆರೆ ಕಡೆಯ ಚಿಕ್ಕಗಂಗಮ್ಮನ ದನಿ ದೊಡ್ಡದು. ತೋಟದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನ ದನ ತಲೆಯೆತ್ತುತ್ತಿತ್ತು. ಹೋದ ಬೇಸಿಗೆಯಲ್ಲಿ ತೆಂಗಿನ ಗೊನೆಯೊಂದು ಕಳಚಿ ಅವಳ ಎಳೆಗರುವಿನ ತಲೆಯ ಮೇಲೆ ಬಿತ್ತು. ಕರು ಅಲ್ಲೇ ಸತ್ತಿತು. ಚಿಕ್ಕಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮರವನ್ನೇ ಬೈದಳು: “ಲೋ, ನೋಡ್ಕಂಡು ಉದುರ್ಸಾಕೆ ಏನ್ಲಾ ರೋಗ ನಿಂಗೆ?”

ಚಿಕ್ಕನಾಯಕನಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮೋಹನ್ ಕುಮಾರ್ ಆಗ ತೋಟದ ಪಕ್ಕದ ದಾರಿಯಲ್ಲಿ ಬೈಕ್ ನಿಲ್ಲಿಸಿದ್ದ. ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಕರು ಕಾಣುವ ಭಾಗ ಕತ್ತರಿಸಿ, ತಮಟೆಯ ಸದ್ದು ಸೇರಿಸಿ, ರೀಲ್ ಮಾಡಿ ಬಿಟ್ಟ. ವಾರದೊಳಗೆ ಅದು ಸುತ್ತಲ ಊರಿಗೆಲ್ಲ ಹಬ್ಬಿತು.

ಬಸ್ಸಿನಲ್ಲಿ ಯಾರ ಕೈಯಿಂದ ಏನು ಬಿದ್ದರೂ ಹಿಂದಿನ ಸೀಟಿನಿಂದ ಅವಳದೇ ಮಾತು. ಕೆಂಕೆರೆಯ ಸಾವಿನ ಮನೆಯಲ್ಲಿ ಯಾರದೋ ಫೋನ್ ಅವಳ ದನಿಯಲ್ಲೇ ರಿಂಗಾಯಿತು. ಅಳುತ್ತಿದ್ದವರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಅಲ್ಲಿಂದ ಅವಳಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹಸುವನ್ನು ಕರೆಯುವಾಗಲೂ ಮೆಲುದನಿ. ಯಾರಾದರೂ ಫೋನ್ ಎತ್ತಿದರೆ ಮುಖ ತಿರುಗಿಸುವಳು. ಆದರೂ ಸೊಸೆ ಚೈತ್ರಳನ್ನು ಬಿಡಳು.

“ಇವತ್ತು ಅದ್ರ ಕೆಳ್ಗೆ ಏನೇನ್ ಬರ್ದವ್ರೆ, ಓದೇ.”

“ನಗ್ತಾವ್ರೆ ಅಷ್ಟೆ. ಬುಡಿ ಅತ್ತೆ.”

“ಯಾಕೆ ಬೈದ್ಲು ಅಂತ ಒಬ್ರಾದ್ರೂ ಕೇಳವ್ರಾ?”

ಯಾರೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಕರೆದವಳೇ ಬಸ್ ಹತ್ತಿ ಮೋಹನನ ಅಂಗಡಿಗೆ ಹೋದಳು.

“ಅಮ್ಮ, ನೀವು ಫೇಮಸ್ ಆಗೋದ್ರಿ!” ಅಂತ ಅವನು ಕುರ್ಚಿ ಎಳೆದು ಹಾಕಿದ.

“ಅದ್ನ ಅಳಿಸಪ್ಪ.”

ಅವಳ ಮುಖ ನೋಡಿ ಅವನ ನಗು ನಿಂತಿತು. ಅಲ್ಲೇ ಅಳಿಸಿದ. “ನಂದು ಅಳಿಸ್ದೆ ಕಣಮ್ಮ. ಆದ್ರೆ ಜನ ಇಳಿಸ್ಕಂಡು ಹಂಚ್ತಾವ್ರೆ, ಅದು ನನ್ ಕೈಲಿಲ್ಲ.”

ಅವಳು ಅವನ ಫೋನಿನತ್ತ ಕೈ ತೋರಿಸಿದಳು. “ಕರು ಇರೋದು ಐತಾ ನಿನ್ತಾವ?”

ಇತ್ತು. ಅಂಗಡಿಯಲ್ಲಿ ನಿಂತೇ ಅವಳು ಅದನ್ನು ನೋಡಿದಳು. ಬೈದು ಮುಗಿಸಿ, ಕುಸಿದು ಕೂತು, ಕರುವಿನ ಕಿವಿ ನೇವರಿಸುತ್ತಿದ್ದ ಹೆಂಗಸು ತಾನೇ ಎಂದು ನಂಬಲು ಅವಳಿಗೆ ಕಷ್ಟವಾಯಿತು.

“ಇದ್ನೂ ಬುಡು. ನೋಡ್ಲಿ.”

ಮೋಹನ್ ಬಿಟ್ಟ. ನೋಡಿದವರು ಬೆರಳೆಣಿಕೆಯಷ್ಟು. ತುರುವೇಕೆರೆಯ ಯಾರೋ ಹೆಂಗಸು ಮಾತ್ರ ‘ನಮ್ಮನೇಲೂ ಹಿಂಗೇ ಆಗಿತ್ತು ಅಕ್ಕ’ ಎಂದು ಬರೆದಳು. ಚೈತ್ರ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳಬೇಕಾಯಿತು.

ಮಳೆ ಹಿಡಿಯುವ ಹೊತ್ತಿಗೆ ಜನ ಅವಳನ್ನು ಮರೆತು ಬೇರೆ ರೀಲ್ ಹಿಡಿದಿದ್ದರು. ನಡುಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ಕುಣಿಯುವ ಯಾವನೋ ಮುದುಕ. ಚೈತ್ರ ಬಿದ್ದು ಬಿದ್ದು ನಗುತ್ತಿದ್ದಳು. ಚಿಕ್ಕಗಂಗಮ್ಮ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು.

“ಅವ್ನಿಗೇನಾಗಿತ್ತಂತೆ?”

“ಅದ್ರಲ್ಲಿಲ್ಲ ಅತ್ತೆ.”

“ಹುಡ್ಕೇ, ಇರ್ತದೆ.”