ತುಳಸಿಕಟ್ಟೆಯ ಮೇಲಿದ್ದ ಕಲ್ಲು

ಅಂದು ಶನಿವಾರ. ಸ್ನಾನ ಮುಗಿಸಿ, ಫಿಲ್ಟರಿಗೆ ಕಾಫಿಪುಡಿ ಹಾಕಿ, ರಾತ್ರಿಯ ಚಳಿಗೆಂದು ಒಳಗಿಟ್ಟಿದ್ದ ತುಳಸಿ ಕುಂಡವನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅಮೆರಿಕದ ಸೆಂಟರ್‌ವಿಲ್‌ನ ಆ ಮನೆಗೆ ಬಂದ ಮೊದಲ ವರ್ಷ ಅದು. ಕಟ್ಟೆಯಿಲ್ಲದ ತುಳಸಿ ಬಸ್ ಸ್ಟ್ಯಾಂಡಿನಲ್ಲಿ ಕಾದು ಕೂತವಳ ಹಾಗೆ ಕಾಣುತ್ತಾಳೆ ಎಂದು ನಾನು ಗೊಣಗಿದ್ದಕ್ಕೆ, ನಮ್ಮವರು ಬೇಸಿಗೆಯಲ್ಲಿ ಕಾಡಿನಂಚಿನಿಂದ ಹಳೆಯ ಇಟ್ಟಿಗೆಗಳನ್ನು ಕಾರಿನ ಡಿಕ್ಕಿಯಲ್ಲಿ ತಂದು ಜೋಡಿಸಿ, ಮೇಲೊಂದು ಚಪ್ಪಟೆ ಕಲ್ಲು ಹಾಸಿಕೊಟ್ಟಿದ್ದರು. ಯಾರೋ ಬಿಟ್ಟುಹೋದ ಮನೆಯದ್ದು ಎಂದಿದ್ದರು.

ಮರುವಾರ ತುಳಸಿ ಹಬ್ಬ. ಅಡಿಯಲ್ಲಿ ಸೇರಿಕೊಂಡಿದ್ದ ಎಲೆ ತೆಗೆಯಲೆಂದು ಆ ಕಲ್ಲನ್ನು ಮಗುಚಿದೆ. ಅಕ್ಷರಗಳಿದ್ದವು. ಬೆರಳಿನಿಂದ ಮಣ್ಣು ಕೆರೆದೆ. ಹೆಸರಿನ ಜಾಗ ಒಡೆದುಹೋಗಿತ್ತು. ಉಳಿದದ್ದು ಇಷ್ಟೇ: ಮಗಳು, ವಯಸ್ಸು ಎರಡು ವರ್ಷ. ಕೆಳಗೊಂದು ಪುಟ್ಟ ಕುರಿಮರಿ, ಅದರ ಕಿವಿ ಸವೆದಿತ್ತು.

ಕೈ ತಾನಾಗಿ ಹಿಂದಕ್ಕೆ ಬಂತು. ದಿನಾ ಕುಂಕುಮ ಹಚ್ಚಿ ನಾನು ಪ್ರದಕ್ಷಿಣೆ ಬಂದದ್ದು ಒಂದು ಮಗುವಿನ ಗೋರಿಕಲ್ಲಿಗೆ! ಚಿಕ್ಕಂದಿನಲ್ಲಿ ಕಾನ್ವೆಂಟಿನ ಪಕ್ಕದ ಸಮಾಧಿಗಳ ಕಡೆಗೆ ಚೆಂಡು ಉರುಳಿದರೂ ಸಿಸ್ಟರ್ ನಮ್ಮನ್ನು ಓಡಲು ಬಿಡುತ್ತಿರಲಿಲ್ಲ.

“ರೀ, ಬನ್ನಿ ಇಲ್ಲಿ. ಇದನ್ನ ಎಲ್ಲಿಂದ ತಂದ್ರಿ?”

ಅವರು ಓದಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ಕವುಚಿ ಬಿದ್ದಿತ್ತು ಕಣೇ. ಮೆಟ್ಟಿಲು ಅಂದ್ಕೊಂಡೆ.”

“ವಾಪಸ್ ಇಟ್ಟು ಬರೋಣ.”

“ಕಾಫಿ ಕುಡ್ಕೊಂಡು…”

“ಈಗಲೇ ರೀ.”

ಕಲ್ಲನ್ನು ಡಿಕ್ಕಿಯಲ್ಲಿಟ್ಟು ಕಾಡಿನಂಚಿಗೆ ಹೋದೆವು. ಅಲ್ಲಿ ಮೊಣಕಾಲೆತ್ತರದ ತಳಪಾಯ, ಅದರ ಮೇಲೆಲ್ಲ ಬಳ್ಳಿ. ರಸ್ತೆಯ ಕಡೆಗೊಂದು ಫಲಕವಿತ್ತು. ನಮ್ಮವರು ಬೇಸಿಗೆಯಲ್ಲಿ ಹಿಂದಿನಿಂದ ಬಂದದ್ದರಿಂದ ಅದನ್ನು ನೋಡಿರಲಿಲ್ಲ. ಹಳ್ಳಿಯವರ ಹಳೆಯ ಚರ್ಚು. ಅಂತರ್ಯುದ್ಧದ ಚಳಿಗಾಲದಲ್ಲಿ ಸೈನಿಕರು ಗೋಡೆ ಕೆಡವಿ, ತಮ್ಮ ಗುಡಿಸಲುಗಳ ಬೆಂಕಿಗೂಡಿಗೆ ಇಟ್ಟಿಗೆ ಒಯ್ದರಂತೆ. ಅವರು ಬಿಟ್ಟದ್ದನ್ನು ನಾವು ಒಯ್ದಿದ್ದೆವು.

“ಎಲ್ಲಿತ್ತು, ಸರಿಯಾಗಿ ನೆನಪು ಮಾಡ್ಕೊಳ್ಳಿ.”

“ಈ ಮರದ ಹತ್ರ… ಇಲ್ಲ, ಆ ಕಡೆ. ಆಗ ಪೊದೆ ತುಂಬಾ ಇತ್ತು ಕಣೇ.”

ಹುಲ್ಲಿನಲ್ಲಿ ಕುಸಿದ ಗೋರಿಗಳ ಉದ್ದನೆಯ ತಗ್ಗುಗಳು ಸಾಲಾಗಿದ್ದವು. ಮಕ್ಕಳವು ಎನ್ನುವಷ್ಟು ಗಿಡ್ಡವು ಮಾತ್ರ ಎರಡು. ನೀರಿನ ಬಾಟಲಿ ಬಗ್ಗಿಸಿ ಕಲ್ಲಿನ ಹಿಂಬದಿಯನ್ನು ಎಷ್ಟು ಉಜ್ಜಿದರೂ ಕುಂಕುಮ ಪೂರ್ತಿ ಹೋಗಲಿಲ್ಲ. ಯಾವುದಾದರೊಂದರ ಮೇಲೆ ಇಡು ಎಂದರು ನಮ್ಮವರು. ನನ್ನಿಂದಾಗಲಿಲ್ಲ. ಎರಡರ ನಡುವೆ, ಅಕ್ಷರ ಮೇಲಾಗಿ ಇಟ್ಟೆ. ಇಟ್ಟಿಗೆಗಳನ್ನೂ ಎರಡು ಸಲ ಸಾಗಿಸಿ ತಳಪಾಯದ ಪಕ್ಕ ಪೇರಿಸಿದೆವು.

ಪಕ್ಕದ ಮನೆಯ ಡಾಕ್ಟರ ಹೆಂಡತಿ, ಮೈಸೂರಿನ ಆಂಟಿ, ಆ ಬೀದಿಗೆ ಎಲ್ಲರಿಗಿಂತ ಮೊದಲು ಬಂದವರು. ಸಂಜೆ ಅವರ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಆಂಟಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಅಷ್ಟಕ್ಕೆಲ್ಲ ಯಾಕಮ್ಮಾ ಮುಖ ಹೀಗೆ ಮಾಡ್ಕೊಂಡಿದ್ದೀಯ? ಈ ಬೀದಿಯವರೆಲ್ಲ ಅಲ್ಲಿಂದಾನೇ ತಂದಿರೋದು. ನೀನು ಕೂತಿದ್ದೀಯಲ್ಲ, ಆ ಮೆಟ್ಟಿಲೂ ಅಷ್ಟೇ.”