ಪಾರ್ಥಿಯನ್ ಅರಸನ ಇಪ್ಪತ್ತೆರಡು ಅಕ್ಷರ

ಓದಲು ಬಾರದ ಲಿಪಿಗೆ ಫಾಂಟ್ ಮಾಡಿ ಸಂಬಳ ತೆಗೆದುಕೊಂಡವನು ನಾನು. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ಅದನ್ನು ಓದುವವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಪಾರ್ಥಿಯನ್ ಎಂದು ಅದರ ಹೆಸರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇರಾನಿನ ಅರಸರು ಬಂಡೆಗಳ ಮೇಲೆ ಕೆತ್ತಿಸಿದ ಲಿಪಿ, ಒಟ್ಟು ಇಪ್ಪತ್ತೆರಡು ಅಕ್ಷರ. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಹಾಗಾಗಿ ಒಂದೊಂದು ಅಕ್ಷರಕ್ಕೂ ಒಂದು ಕಾಯಂ ಸಂಖ್ಯೆ ಗೊತ್ತುಮಾಡಿದ್ದಾರೆ. ಆ ಸಂಖ್ಯೆಗೆ ಅದರ ಆಕಾರ ಕೂಡಿಸುವ ಕೆಲಸ ಕೊಂಡಾಪುರದ ನಮ್ಮ ಆಫೀಸಿನಲ್ಲಿ ನನ್ನ ಪಾಲಿಗೆ ಬಂತು. ಒಂದು ಮ್ಯೂಸಿಯಮ್ಮಿಗೆ ಆ ಫಾಂಟಿನಲ್ಲಿ ಹಿತ್ತಾಳೆಯ ಫಲಕಗಳು ಬೇಕಾಗಿದ್ದವು.

ವಿದ್ವಾಂಸರೊಬ್ಬರು ಅಷ್ಟೂ ಅಕ್ಷರಗಳನ್ನು ಕ್ರಮವಾಗಿ ಒಂದೇ ಸಾಲಿನಲ್ಲಿ ಬರೆದು ಕಳಿಸಿದ್ದರು. ಒಂದರಿಂದ ಇಪ್ಪತ್ತೆರಡರವರೆಗೆ ಸಂಖ್ಯೆ ಕೊಟ್ಟೆ, ವಾರವಿಡೀ ಅವುಗಳ ಬಾಗು ಬಳುಕು ತೀಡಿದೆ, ಫೈಲ್ ಕಳಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮರುದಿನ ಸಂಜೆ ಐದಕ್ಕೆ ಕೆತ್ತನೆ ಶುರುವಾಗಬೇಕು.

ಕೆತ್ತನೆಯ ಆ ದಿನ ಹಿಮಾಯತ್‌ನಗರದ ನನ್ನ ಮನೆಯಿಂದಲೇ ಕೆಲಸ. ನಾಲ್ಕಕ್ಕೆ ಮಾಮಾ ಬಂದರು. ಅವ್ವನ ತಮ್ಮ, ನಾಂಪಲ್ಲಿಯ ಕಚೇರಿಯೊಂದರಲ್ಲಿ ಹಳೆಯ ಉರ್ದು ಕಾಗದಪತ್ರ ಓದಿ ಓದಿಯೇ ರಿಟೈರ್ ಆದವರು. ಮೇಜಿನ ಮೇಲಿದ್ದ ವಿದ್ವಾಂಸರ ಹಾಳೆಯ ಬಲತುದಿಗೆ ಬೆರಳಿಟ್ಟರು.

"ಇಲ್ಲಿಂದ ಸುರು ಆಗತೈತಿ ಅಲ್ಲೇನಪಾ?"

"ಇಲ್ರಿ ಮಾಮಾ, ಆ ಕಡಿಂದ," ಎಂದೆ. ಎಂದವನು ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಪಾರ್ಥಿಯನ್ ಕೂಡ ಉರ್ದುವಿನಂತೆ ಬಲದಿಂದ ಎಡಕ್ಕೆ. ಅದು ನನಗೆ ಗೊತ್ತಿತ್ತು. ಕನ್ನಡ ಓದಿ ಬೆಳೆದ ಕಣ್ಣು ಮಾತ್ರ ಎಡದಿಂದ ಎಣಿಸಿತ್ತು, ಕೊನೆಯ ಅಕ್ಷರಕ್ಕೆ ಒಂದು, ಮೊದಲನೆಯದಕ್ಕೆ ಇಪ್ಪತ್ತೆರಡು. ವಿದ್ವಾಂಸರು ಗುರುತು ಮಾಡಿಕೊಟ್ಟಿದ್ದ 'ಅರಸ' ಎಂಬರ್ಥದ ಪದವನ್ನು ನನ್ನ ಫಾಂಟಿನಲ್ಲಿ ಟೈಪ್ ಮಾಡಿ, ಅದನ್ನು ಕೆತ್ತಿದ ಬಂಡೆಯ ಫೋಟೊ ಪಕ್ಕ ಇಟ್ಟೆ. ಒಂದಕ್ಷರವೂ ತಾಳೆಯಾಗಲಿಲ್ಲ.

"ಯಾಕೋ, ಮಾರಿ ಹಂಗಾತಲ್ಲ ನಿಂದು?" ಎಂದರು ಮಾಮಾ.

ಹಾಳೆಯನ್ನು ಮಗುಚಿ ಇಟ್ಟೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೋಡಲು ಬಂದವರು ಫಲಕದ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಅರಸನಂತೂ ಎದ್ದು ಬಂದು ಕೇಳುವುದಿಲ್ಲ. ಒಪ್ಪಿಕೊಂಡರೆ ನನ್ನ ನೌಕರಿಗೇ ಕುತ್ತು. ಹೀಗೆ ಅರ್ಧ ಗಂಟೆ ನನ್ನೊಡನೆ ನಾನೇ ವಾದ ಮಾಡಿ ಗೆದ್ದುಬಿಟ್ಟೆ. ಅಷ್ಟು ಸುಲಭವಾಗಿ ಗೆದ್ದದ್ದು ನೋಡಿಯೇ ಹೆದರಿಕೆಯಾಯಿತು. ಫೋನ್ ಮಾಡಿದೆ. ನಮ್ಮ ಆಫೀಸಿನ ಮುಖ್ಯಸ್ಥೆ ಮೇಡಂ ಎತ್ತಲಿಲ್ಲ. ಮತ್ತೆ ಮಾಡಿದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಎತ್ತಿದರು. ಫಾಂಟಿನಲ್ಲಿ ತಪ್ಪಾಗಿದೆ ಎಂದೆ.

"ಎಷ್ಟು ಅಕ್ಷರ ತಪ್ಪು?" ತೆಲುಗಿನಲ್ಲಿ ಕೇಳಿದರು.

"ಇಪ್ಪತ್ತೆರಡೂ, ಮೇಡಂ."

"ಅಕಸ್ಮಾತ್ತಾಗಿ ಒಂದಾದರೂ ಸರಿ ಬರಲಿಲ್ಲವೇ?" ಎಂದರು. ಆಮೇಲೆ ಕೆತ್ತನೆ ನಿಲ್ಲಿಸಿದರು. ನೌಕರಿ ಉಳಿಯಿತು, ಮರ್ಯಾದೆ ಉಳಿಯಲಿಲ್ಲ.

ಫೋನ್ ಮುಗಿಸಿದವನೇ ಈ ಪ್ರಸಂಗವನ್ನೆಲ್ಲ ಅಕ್ಕನಿಗೆ ಕನ್ನಡದಲ್ಲಿ ಮೆಸೇಜ್ ಬರೆದೆ. ಮಾಮಾ ಬಗ್ಗಿ ಓದಿ, "ಇದರಾಗೂ ಎರಡು ಅಕ್ಷರ ತಪ್ಪು ಅದಾವು," ಅಂದರು. ಬೇರೆ ದಿನವಾಗಿದ್ದರೆ ಉರಿದುಬೀಳುತ್ತಿದ್ದೆ. ಅಂದು ಮಾತ್ರ ಆ ಅರಸನ ಮೇಲೆ ಮರುಕ ಹುಟ್ಟಿತು. ಅಷ್ಟು ದೊಡ್ಡ ರಾಜ್ಯ ಆಳಿದ ಅವನ ಮನೆಮಾತಿಗೆ ತಪ್ಪು ತಿದ್ದುವ ಇಂಥ ಮಾಮಾ ಒಬ್ಬರೂ ಉಳಿದಿಲ್ಲ.

"ಎಲ್ಲಿ, ತೋರಸ್ರಿ," ಎಂದು ಫೋನನ್ನು ಅವರ ಕೈಗೆ ಕೊಟ್ಟೆ.